ನಮ್ಮ ಬಾವಿಯ ನಾರು

ನಮ್ಮ ಮನೆಯಲ್ಲಿ ರೋಗಕ್ಕೆ ಎರಡೇ ಮಾತಿದ್ದವು: ‘ಬಂತು’ ಮತ್ತು ‘ಹೋತು’. ಜ್ವರ ಬಂತು, ಜ್ವರ ಹೋತು. ಜ್ವರ ಹೋಗದಿದ್ದರೆ ಮನುಷ್ಯನೇ ಹೋಗುತ್ತಿದ್ದ, ಆಗಲೂ ಮಾತು ಬದಲಾಗುತ್ತಿರಲಿಲ್ಲ. ಈ ಎರಡರ ನಡುವೆ ನಡೆಯುವುದಕ್ಕೆಲ್ಲ ಬೇರೆ ಬೇರೆ ಹೆಸರುಗಳಿವೆ ಎಂದು ನನಗೆ ತಿಳಿದದ್ದು ಇಂಡಿಯ ದವಾಖಾನೆಯಲ್ಲಿ ಸೂಲಗಿತ್ತಿ ತರಬೇತಿಗೆ ಸೇರಿದ ಮೇಲೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನಗಳಾಗಿರಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ನನ್ನ ಲಗ್ನವೂ ನಮ್ಮ ಮನೆಯ ಪದ್ಧತಿಯಂತೆ ಒಮ್ಮೆ ಬಂದು, ವರದಕ್ಷಿಣೆಯ ಮಾತಿಗೆ ಹೋಗಿತ್ತು. ಹಾಗಾಗಿ ಮನೆಯವರು ತರಬೇತಿಗೆ ಅಡ್ಡಿ ಮಾಡಲಿಲ್ಲ.

ಸಾಲೋಟಗಿಯಿಂದ ಹೊಲದ ದಾರಿ ಹಿಡಿದರೆ ನಮ್ಮೂರು. ಅಲ್ಲಿಂದ ಸಾಲೋಟಗಿಯವರೆಗೆ ನಡೆದು, ಬಸ್ಸು ಹಿಡಿದು ಇಂಡಿಗೆ ಹೋಗುತ್ತಿದ್ದೆ. ಚೀಲದಲ್ಲಿ ಬುತ್ತಿ, ಒಂದು ಡೈರಿ. ಡೈರಿಯನ್ನು ಜೋಳ ಕೊಳ್ಳುವ ಅಡತಿ ಅಂಗಡಿಯವರು ಅಪ್ಪನಿಗೆ ಕೊಟ್ಟಿದ್ದರು, ಅದೂ ಹಿಂದಿನ ವರ್ಷದ್ದು. ತಾರೀಖು ಸರಿ, ವಾರ ತಪ್ಪು. ದಿನಾಲೂ ಅಚ್ಚಾದ ವಾರವನ್ನು ಹೊಡೆದುಹಾಕಿ ನಿಜವಾದ ವಾರವನ್ನು ಬರೆದು, ಅದರ ಕೆಳಗೆ ಮಳೆ, ಕೋಳಿಯ ಮೊಟ್ಟೆ, ಮನೆಗೆ ಬಂದವರು, ಉಂಡು ಹೋದವರು, ಉಣ್ಣದೆ ಸಿಟ್ಟಾಗಿ ಹೋದವರು ಎಂದು ಸಾಲಾಗಿ ಗುರುತು ಹಾಕುತ್ತಿದ್ದೆ. ಅವ್ವ ಇದನ್ನು ನೋಡಿ, "ಸಾವ್ಕಾರನ ಗುಮಾಸ್ತಿ ಆಗಬೇಕಿತ್ತು, ನನ್ನ ಹೊಟ್ಟ್ಯಾಗ ಹುಟ್ಟ್ಯಾಳ" ಅನ್ನುತ್ತಿದ್ದಳು.

ದವಾಖಾನೆಯ ಡಾಕ್ಟರರು ಧಾರವಾಡದ ಕಡೆಯವರು. ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ ನಮಗೆ ನಾಲ್ಕು ಜನರಿಗೆ ಪಾಠ ಹೇಳುತ್ತಿದ್ದರು. ಮೊದಲ ಪಾಠವೇ ನನ್ನ ‘ಬಂತು’ವನ್ನು ಕೆಡಿಸಿತು.

"ರೋಗ ಬೀಗರಿದ್ದಂಗಲ್ಲ ತಂಗಿ, ಬಾಗಲದಾಗ ಕೆಮ್ಮಿ ಒಳಗ ಬರಾಕ," ಅಂದರು. "ಅದು ಒಳಗ ಹೊಕ್ಕ ದಿನ ಬ್ಯಾರೆ, ನಮಗ ಗೊತ್ತಾದ ದಿನ ಬ್ಯಾರೆ. ನಡುವಿನ ಕಾಲಕ್ಕ ಗುಪ್ತಾವಧಿ ಅಂತ ಬರಕೋರಿ."

ಬರೆದುಕೊಂಡೆವು. ನೆಗಡಿಗೆ ಒಂದೆರಡು ದಿನದ ಗುಪ್ತಾವಧಿ, ಸಿಡುಬಿಗೆ ಹೆಚ್ಚುಕಡಿಮೆ ಎರಡು ವಾರ. ಆಮೇಲೆ ಪೂರ್ವಲಕ್ಷಣ, ಅಂದರೆ ರೋಗ ಇಂಥದ್ದೇ ಎಂದು ತಿಳಿಯುವ ಮೊದಲಿನ ಮೈನೋವು, ಬೇಸರ, ಊಟ ಸೇರದಿರುವುದು. ಅದಾದ ಮೇಲೆ ಲಕ್ಷಣ. ರೋಗ ಜೋರಾದರೆ ಉಲ್ಬಣ. ಒಂದು ರೋಗದ ಬೆನ್ನಿಗೆ ಇನ್ನೊಂದು ತೊಂದರೆ ಹುಟ್ಟಿದರೆ ಉಪದ್ರವ. ಇಳಿದರೆ ಚೇತರಿಕೆ, ಇಳಿದದ್ದು ತಿರುಗಿ ಎದ್ದರೆ ಮರುಕಳಿಕೆ. ಇವೆಲ್ಲಕ್ಕಿಂತ ನನಗೆ ಬಹಳ ಹಿಡಿಸಿದ್ದು ಬೇರೊಂದು ಮಾತು. ರೋಗಿ ತನ್ನ ಬಾಯಿಂದ ಹೇಳುವುದು ಲಕ್ಷಣ, ನಮ್ಮ ಕಣ್ಣಿಗೆ ಕಾಣುವುದು ಚಿಹ್ನೆ. "ಎರಡೂ ಕೂಡದಿದ್ರ ಚಿಹ್ನೆ ನಂಬ್ರಿ," ಅಂದರು ಡಾಕ್ಟರರು. "ಬಾಯಿಗೆ ಮರ್ಯಾದಿ ಅನ್ನೂದು ಇರತೈತಿ, ಹುಣ್ಣಿಗೆ ಇರೂದಿಲ್ಲ."

ಇಷ್ಟು ಕಲಿತು ಮನೆಗೆ ಬಂದವಳಿಗೆ ಮೊದಲ ರೋಗಿಯಾಗಿ ಸಿಕ್ಕವಳು ನಮ್ಮ ವೈನಿ, ಅಣ್ಣನ ಹೆಂಡತಿ.

ವೈನಿಯ ತವರು ಬಸವನ ಬಾಗೇವಾಡಿಯ ಕಡೆ, ಮುಳವಾಡದ ಹತ್ತಿರದ ಹಳ್ಳಿ. ಹಿಂದಿನ ವೈಶಾಖದಲ್ಲಿ ಲಗ್ನವಾಗಿ ನಮ್ಮ ಮನೆಗೆ ಬಂದಿದ್ದಳು. ನಮ್ಮಲ್ಲಿ ಹೊಸ ಸೊಸೆ ಮನೆ ತುಂಬಿದ ದಿನವೇ ಗಂಗೆಯ ಪೂಜೆಗೆ ಹೋಗಬೇಕು. ಊರ ಬಾವಿಯ ಪಾವಟಿಗೆಗಳನ್ನು ಇಳಿದು, ನೀರಿಗೆ ಅರಿಸಿನ ಕುಂಕುಮ ಏರಿಸಿ, ಒಂದು ಬೊಗಸೆ ಕುಡಿದು, ಕೊಡ ತುಂಬಿಕೊಂಡು ಬರಬೇಕು. ಆ ನೀರು ಕುಡಿದ ಮೇಲೆಯೇ ಅವಳು ಈ ಊರಿನವಳು. ವೈನಿಯ ಜೊತೆಗೆ ಅವಳ ಚಿಕ್ಕವ್ವ ಬಂದಿದ್ದಳು, ಮುದ್ದೇಬಿಹಾಳದಿಂದ, ಮದುಮಗಳಿಗೆ ಬೇಸರವಾಗಬಾರದೆಂದು. ನಮ್ಮ ಕಡೆಯಿಂದ ಅಪ್ಪನ ಅಕ್ಕ, ಸಿಂದಗಿಯ ಅತ್ತೆ, ಮುಂದೆ ನಿಂತು ಎಲ್ಲ ಮಾಡಿಸಿದ್ದಳು. ಹೀಗೆ ಮೂವರೂ ಬೊಗಸೆ ಹಿಡಿದು ಕುಡಿದಿದ್ದರು. ನಾನು ತಟ್ಟೆ ಹಿಡಿದು ನಿಂತಿದ್ದೆ. ಹುಟ್ಟಿದಾಗಿನಿಂದ ಅದೇ ನೀರು ಕುಡಿದ ನಾನು ಈ ಊರಿನವಳು ಎಂದು ಮತ್ತೆ ಸಿದ್ಧಮಾಡಿ ತೋರಿಸುವ ಅಗತ್ಯವಿರಲಿಲ್ಲ. ನನ್ನ ಎಡಗಾಲಿನ ಮೇಲೆ ಎರಡು ಕಲೆಗಳೇ ಇದ್ದವು.

ಆ ಕಲೆಗಳು ನಾರು ಹುಣ್ಣಿನವು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ‘ಉಷ್ಣ’ ಅನ್ನುತ್ತಿದ್ದರು. ಅಪ್ಪನಿಗೆ ಬಹುತೇಕ ಪ್ರತಿ ಬೇಸಿಗೆಯೂ ಕಾಲಿಗೆ ಉಷ್ಣ ಆಗುತ್ತಿತ್ತು. ಗುಳ್ಳೆ ಎದ್ದು, ಒಡೆದು, ಬಿಳಿಯ ದಾರದಂಥ ಹುಳ ತಲೆ ಹೊರಗೆ ಹಾಕಿ, ತಡೆಯಲಾರದ ಉರಿ ಶುರುವಾದಾಗ ಅವರು ಬಾವಿಯ ಕೆಳಗಿನ ಪಾವಟಿಗೆಯ ಮೇಲೆ ಕೂತು ಕಾಲನ್ನು ತಣ್ಣನೆಯ ನೀರಿಗೆ ಇಳಿಬಿಡುತ್ತಿದ್ದರು. ಉಷ್ಣಕ್ಕೆ ತಂಪೇ ಔಷಧ ಎಂದು ಊರಿನ ಅರ್ಧದಷ್ಟು ಗಂಡಸರು ಹಾಗೇ ಮಾಡುತ್ತಿದ್ದರು. ಅವರ ಪಕ್ಕದಲ್ಲಿಯೇ ಹೆಂಗಸರು ಕೊಡ ತುಂಬುತ್ತಿದ್ದರು.

ಈ ವೈಶಾಖದಲ್ಲಿ ವೈನಿಗೆ ಮೊದಲು ಮೈತುಂಬ ಪಿತ್ತದ ಗಂಧೆಗಳೆದ್ದು ತುರಿಸಿದವು. ಸಣ್ಣಗೆ ಜ್ವರ ಬಂತು. ನಾನು ಖುಷಿಯಿಂದ ‘ಪೂರ್ವಲಕ್ಷಣ’ ಎಂದು ಬರೆದೆ. ಕಾಲಿನ ಹರಡಿನ ಮೇಲೆ ಗುಳ್ಳೆ ಎದ್ದು ಒಡೆದು ಬಿಳಿ ದಾರ ಕಂಡ ದಿನ ಅವ್ವ ಬಾಗಿಲಲ್ಲಿ ನಿಂತು, "ಇದು ನಾರು. ನಮ್ಮ ಮನಿತನದಾಗ ಇಂಥಾ ರೋಗ ಯಾರಿಗೂ ಇಲ್ಲ" ಅಂದಳು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ತಮ್ಮ ಮೊಣಕಾಲಿನ ಕೆಳಗಿನ ಕಲೆಯನ್ನು ಕೆರೆದುಕೊಳ್ಳುತ್ತಿದ್ದರು. ಅದನ್ನು ನಿಲ್ಲಿಸಿ ಧೋತರ ಎಳೆದುಕೊಂಡರು.

ನೋಡಲು ಬಂದವರೆಲ್ಲ ಕಾರಣ ಹೇಳಿದರು. ಕುದುರೆಯ ಬಾಲದ ಕೂದಲು ದಾಟಿದ್ದಾಳೆ, ಲಗ್ನದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಾಯಿತು, ದೇವರ ಹಿಪ್ಪರಗಿ ಸಂತೆಯಲ್ಲಿ ಮಾಟದ ನಿಂಬೆಹಣ್ಣು ತುಳಿದಿರಬೇಕು, ತವರಿನಿಂದ ಬಂದ ಬುತ್ತಿಯ ಚಟ್ನಿ ಹಳಸಿತ್ತು. ಬಂದವರು ಹನ್ನೊಂದು, ಕಾರಣ ಒಂಬತ್ತು. ಇಬ್ಬರಿಗೆ ಬೇರೆಯವರ ಕಾರಣವೇ ಒಪ್ಪಿಗೆಯಾಗಿತ್ತು. ನೀರು ಅಂದವರು ಒಬ್ಬರೂ ಇಲ್ಲ. ಹನ್ನೊಂದೂ ಮಂದಿ ಪದ್ಧತಿಯಂತೆ ಬೆಲ್ಲ ಬಾಯಿಗೆ ಹಾಕಿಕೊಂಡು ಬಾವಿಯ ನೀರು ಕುಡಿದು, ಬಾಯಿ ಒರೆಸಿಕೊಂಡೇ ಇದನ್ನೆಲ್ಲ ಹೇಳಿದರು.

ರೋಗಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ವೈನಿ ಕಾಲು ಚಾಚಿ ಕೂತ ಮೇಲೆ ಬೇಸಿಗೆಯ ನೀರು ಹೊರುವ ಕೆಲಸ ಅವ್ವನ ತಲೆಯ ಮೇಲೆ ಬಂತು. ನಾಲ್ಕು ದಿನ ಹೊತ್ತು ಐದನೆಯ ದಿನ ಅವ್ವ ಬಾಗೇವಾಡಿಗೆ ಹೇಳಿಕಳಿಸಿದಳು: "ನಿಮ್ಮ ಮಗಳನ್ನ ಕರಕೊಂಡ ಹೋಗ್ರಿ. ಕಾಲ ನೆಟ್ಟಗ ಆಗಲಿ, ಆಮ್ಯಾಲ ನೋಡೂಣು."

ಈ ‘ನೋಡೂಣು’ ಅನ್ನುವುದರ ಅರ್ಥ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮ ಓಣಿಯಲ್ಲೇ ಎರಡು ಮನೆಯವರು ಸೊಸೆಯರನ್ನು ಹೀಗೆ ಕಳಿಸಿದ್ದರು. ನೋಡುವುದು ಇನ್ನೂ ಮುಗಿದಿರಲಿಲ್ಲ. ಒಂದು ಮನೆಯಲ್ಲಿ ಅಷ್ಟರಲ್ಲಿ ಎರಡನೆಯ ಸೊಸೆಗೆ ಮಗುವೂ ಆಗಿತ್ತು. ವೈನಿಗೂ ಇದು ಗೊತ್ತು. ಟ್ರಂಕು ತೆಗೆದು ಸೀರೆ ಮಡಚಿಡುತ್ತಿದ್ದಳು, ಮತ್ತೆ ತೆಗೆದು ಮಡಚುತ್ತಿದ್ದಳು. ಅಣ್ಣ ಹೊಲದಲ್ಲಿ ಏನೂ ಕೆಲಸವಿಲ್ಲದ ದಿನಗಳಲ್ಲಿಯೂ ಹೊಲಕ್ಕೆ ಹೋಗುತ್ತಿದ್ದ. ಅವನ ಅಭಿಪ್ರಾಯ ಗುಪ್ತಾವಧಿಯಲ್ಲಿತ್ತು.

ನಾನು ಡಾಕ್ಟರರನ್ನು ಕೇಳಿದೆ. ಅವರು ಬಿಡಿಸಿ ಹೇಳಿದರು. ಹುಣ್ಣಿದ್ದವರು ಕಾಲು ನೀರಿಗಿಟ್ಟಾಗ ನಾರು ಅಲ್ಲೇ ಮರಿ ಬಿಡುತ್ತದೆ. ನೀರಿನೊಳಗಿನ, ಕಣ್ಣಿಗೆ ಸರಿಯಾಗಿ ಕಾಣದಂಥ ಜೀವಿಗಳು ಆ ಮರಿಗಳನ್ನು ನುಂಗುತ್ತವೆ. ಆ ನೀರನ್ನು ಸೋಸದೆ ಕುಡಿದವರ ಮೈಯಲ್ಲಿ ಅದು ಹೆಚ್ಚುಕಡಿಮೆ ಒಂದು ವರ್ಷ ಸದ್ದಿಲ್ಲದೆ ಬೆಳೆದು ಕಾಲಿನಿಂದ ಹೊರಗೆ ಬರುತ್ತದೆ. ಧೋತರದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿದರೆ ಸಾಕು.

ಮನೆಗೆ ಬಂದು ಅವ್ವನ ಮುಂದೆ ಹೇಳಿದೆ. "ಅದು ವೈನಿ ಮೈಯಾಗ ಹೊಕ್ಕು ಒಂದ ವರ್ಷ ಆಗೈತಿ ಅವ್ವಾ."

"ಒಂದ ವರ್ಷ ಒಳಗ ಕುಂತು ಏನ ಮಾಡತಿತ್ತು, ಜ್ವಾಳ ಬೀಸತಿತ್ತೇನ?"

"ಬೆಳೀತಿತ್ತು. ಹ್ವಾದ ವೈಶಾಖದಾಗ ವೈನಿ ಎಲ್ಲಿದ್ಲು? ಇಲ್ಲೇ ಇದ್ಲು. ನಮ್ಮ ಬಾವಿ ನೀರ ಕುಡದಾಳ."

"ಅದಕ್ಕೂ ಮೊದಲಿನ ವಾರ ಅವರವ್ವನ ಮನ್ಯಾಗಿದ್ಲು. ಅಲ್ಲಿ ಏನ ಗಾಳಿ ಕುಡೀತಿದ್ಲೇನ?"

ನಾನು ಸೋತೆ. ಅವ್ವನಿಗೆ ಓದು ಬರುತ್ತಿರಲಿಲ್ಲ, ವಾದ ಬರುತ್ತಿತ್ತು. ಮರುದಿನ ಡಾಕ್ಟರರೂ ಅವ್ವನ ಕಡೆಯೇ ಮಾತಾಡಿದರು. "ಹುಳಕ್ಕ ಪಂಚಾಂಗ ಇಲ್ಲ ತಂಗಿ. ಹತ್ತು ತಿಂಗಳೂ ಆಗಬಹುದು, ಹದಿನಾಲ್ಕೂ ಆಗಬಹುದು. ಒಬ್ಬಾಕಿನ ಮ್ಯಾಲಿಂದ ಹೇಳಾಕ ಬರೂದಿಲ್ಲ. ಒಂದ ಪಂಕ್ತ್ಯಾಗ ಉಂಡ ಮಂದಿಗೆಲ್ಲಾ ಹೊಟ್ಟಿ ಕೆಟ್ರ ಅಡಗಿ ಮ್ಯಾಲ ಸಂಶಯ ಪಡಬೇಕು. ನಿಮ್ಮ ವೈನಿ ಪಂಕ್ತ್ಯಾಗ ಮತ್ಯಾರ ಇದ್ರು?"

ವೈನಿಯ ತವರಿನಲ್ಲಿ ಹಗ್ಗ ಬಿಟ್ಟು ಸೇದುವ ಬಾವಿ. ಅದಕ್ಕೆ ಪಾವಟಿಗೆಯೇ ಇಲ್ಲ, ಯಾರ ಕಾಲೂ ನೀರಿಗೆ ಮುಟ್ಟುವುದಿಲ್ಲ. ಇದನ್ನು ಅವಳೇ ಹೇಳಿದಳು. ಪಂಕ್ತಿಯಲ್ಲಿ ಉಳಿದವರು ಇಬ್ಬರು. ಮುದ್ದೇಬಿಹಾಳದ ಚಿಕ್ಕವ್ವನ ಸುದ್ದಿಯೇ ಇರಲಿಲ್ಲ. ಸಿಂದಗಿಯ ಅತ್ತೆಗಂತೂ ಏನೂ ಆಗಿಲ್ಲವೆಂದು ತೋರಿತು, ಯಾಕೆಂದರೆ ಬೀಗರು ಬರುವ ದಿನ ನ್ಯಾಯ ಹೇಳಲು ಅವ್ವ ಕರೆಸಿದ್ದು ಅವಳನ್ನೇ, ಅವಳು ಬರುತ್ತೇನೆಂದೂ ಹೇಳಿಕಳಿಸಿದ್ದಳು.

ಹೊಲಕ್ಕೆ ಎತ್ತು ಹೂಡದ ಸೋಮವಾರ ಎಲ್ಲರೂ ಸೇರಿದರು. ಅತ್ತೆ ಬಂಡಿಯಿಂದ ಇಳಿಯುವಾಗ ಗಾಲಿಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಳು. "ಮುಳ್ಳ ಹೊಕ್ಕೈತಿ" ಅಂದಳು. ಎಲ್ಲರೂ ಪಡಸಾಲೆಯಲ್ಲಿ ಕೆಳಗೆ ಕೂತರೆ ಅತ್ತೆ ಹೊರಸಿನ ಮೇಲೆ ಕೂತು ಎಡಗಾಲಿನ ಮೇಲೆ ಸೀರೆಯನ್ನು ಎಳೆದುಕೊಂಡಳು. ವೈನಿಯ ಅಪ್ಪ ಬಾಳೆಹಣ್ಣಿನ ಗೊನೆ, ಶೇಂಗಾದ ಉಂಡಿ ತಂದಿದ್ದರು. ಅವನ್ನು ಎಲ್ಲಿ ಇಡಬೇಕೆಂದು ಯಾರೂ ಹೇಳದ್ದರಿಂದ ಮಡಿಲಲ್ಲಿಟ್ಟುಕೊಂಡೇ ಕೂತರು.

ಅತ್ತೆ ಶುರು ಮಾಡಿದಳು. "ಹೆಣ್ಣ ಕೊಡುವಾಗ ಕಾಲ ತೋರಿಸಿ ಕೊಡಬೇಕಿತ್ರಿ ಬೀಗ್ರ. ಎತ್ತ ತರುವಾಗ ಸೈತ ನಾವು ಗೊರಸ ನೋಡತೇವಿ."

"ಕೊಟ್ಟಾಗ ಗೊರಸ ಚಲೋನ ಇತ್ರೆವ್ವಾ," ಅಂದರು ವೈನಿಯ ಅಪ್ಪ, ಬಾಳೆಗೊನೆ ಸರಿಪಡಿಸಿಕೊಳ್ಳುತ್ತ. "ಕಟ್ಟಿದ ಜಾಗಾ ನೋಡಬೇಕೇನೋ."

"ಅಂದ್ರ ನಮ್ಮ ಮನ್ಯಾಗ ಬಂದು ಕೆಟ್ಲು ಅಂತೀರಿ?"

"ನಾ ಏನೂ ಅಂದಿಲ್ರಿ. ಹೆಣ್ಣ ಕೊಟ್ಟಾಂವ ಏನ ಅಂತಾನ?"

"ನಿಮ್ಮ ಬಳಗದಾಗ ಮತ್ಯಾರಿಗರ ಐತೇನ ಇದು? ಬಾಯಿ ಬಿಟ್ಟು ಹೇಳಿಬಿಡ್ರಿ."

"ಯಾರಿಗೂ ಇಲ್ರೆವ್ವಾ. ಬಸವಣ್ಣನ ಆಣಿ," ಅಂದರು ಅವರು. ಆಣೆಯಿಟ್ಟ ಮೇಲೆ ಕಣ್ಣು ಎತ್ತಲಿಲ್ಲ.

ಅತ್ತೆ ಮಾತಾಡುತ್ತ ಮಾತಾಡುತ್ತ ಎಡಗಾಲನ್ನು ಹೊರಸಿನಿಂದ ಇಳಿಸಿ ತಣ್ಣನೆಯ ಗಚ್ಚಿನ ಮೇಲೆ ಒತ್ತುತ್ತಿದ್ದಳು. ಒಂದು ಜಾಗ ಬೆಚ್ಚಗಾದರೆ ಇನ್ನೊಂದು ಜಾಗ. ನನಗೆ ಅದು ಕಂಡಿತು, ಆದರೆ ನ್ಯಾಯ ಹೇಳುವವರ ಕಾಲನ್ನು ಪರೀಕ್ಷೆ ಮಾಡುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಕಂಡದ್ದು ನನಗೊಬ್ಬಳಿಗೇ ಅಲ್ಲ. ಒಳಗಿನ ಬಾಗಿಲ ಮರೆಯಲ್ಲಿ ಕೂತಿದ್ದ ವೈನಿ ಎದ್ದು, ದಿನಾಲೂ ಇಷ್ಟಿಷ್ಟೇ ಎಳೆದು ಹತ್ತಿಕಟ್ಟಿಗೆಯ ಚೂರಿಗೆ ಸುತ್ತುತ್ತಿದ್ದ ನಾರನ್ನು ಹರಡಿಗೆ ಬಟ್ಟೆಯಿಂದ ಕಟ್ಟಿಕೊಂಡೇ ಕುಂಟುತ್ತ ಹೊರಗೆ ಬಂದಳು. ಹಿರಿಯರ ಮುಂದೆ ಅವಳು ಹಾಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಅಗಲವಾದ ಪರಾತ, ಅದರ ತುಂಬ ನೀರು. ಹೊರಸಿನ ಕೆಳಗೆ ಇಟ್ಟಳು.

"ಇದರಾಗ ಕಾಲ ಇಡ್ರಿ ಅತ್ತಿ. ಉರಿ ತುಸು ಕಡಿಮಿ ಆಕ್ಕೈತಿ."

"ನನಗ್ಯಾತಕ ಬೇಕ ಇದು? ಮುಳ್ಳ ಹೊಕ್ಕೈತಿ ಅಂತ..."

ಬಾಯಿ ಬೇಡ ಅನ್ನುವಷ್ಟರಲ್ಲಿ ಕಾಲು ನೀರಿಗಿಳಿದಿತ್ತು. ಅತ್ತೆ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಸೀರೆ ಜರುಗಿತು. ಹಿಮ್ಮಡಿಯ ಪಕ್ಕದಲ್ಲಿ ಒಡೆದ ಗುಳ್ಳೆ, ನಡುವೆ ಬಿಳಿಯ ದಾರದ ತುದಿ. ಲಕ್ಷಣ ಮುಳ್ಳು, ಚಿಹ್ನೆ ನಾರು.

ಪಡಸಾಲೆಯಲ್ಲಿ ಎಲ್ಲರೂ ಅದನ್ನು ನೋಡಿದರು, ಯಾರೂ ನೋಡಿದೆವು ಅನ್ನಲಿಲ್ಲ. ಮೊದಲು ಮಾತಾಡಿದವರು ವೈನಿಯ ಅಪ್ಪ. ಮಡಿಲಿನ ಬಾಳೆಗೊನೆಯನ್ನು ಕೆಳಗಿಟ್ಟು, "ಬಸವಣ್ಣ ಕ್ಷಮಾ ಮಾಡಲಿ. ಮುದ್ದೇಬಿಹಾಳದಾಗ ನನ್ನ ಹೆಂಡತಿ ತಂಗೀಗೂ ಆಗೈತ್ರಿ, ಹದಿನೈದ ದಿನ ಆತು. ಹೇಳಿದ್ರ ನಿಮ್ಮ ಬಳಗಕ್ಕೆಲ್ಲಾ ಐತಿ ಅಂತೀರಿ ಅಂತ ಬಾಯಿ ಮುಚಗೊಂಡಿದ್ದೆ" ಅಂದರು.

ಹೀಗೆ ಮಗಳನ್ನು ಉಳಿಸುವ ಸಾಕ್ಷಿಯನ್ನು ಒಬ್ಬರು ಮಾನಕ್ಕಂಜಿ ಬಾಗೇವಾಡಿಯಿಂದ ಹೊತ್ತು ತಂದಿದ್ದರು, ಇನ್ನೊಬ್ಬಳು ಅದನ್ನೇ ಸೀರೆಯ ಕೆಳಗೆ ಮುಚ್ಚಿಟ್ಟುಕೊಂಡು ತೀರ್ಪು ಹೇಳುತ್ತಿದ್ದಳು. ನಾನು ಡೈರಿ ತೆಗೆಯುವ ಅವಶ್ಯಕತೆಯೂ ಬೀಳಲಿಲ್ಲ.

"ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ. ಮೂರ ಮಂದಿ, ಮೂರ ಊರು," ಅಂದೆ. "ಮೂವರೂ ಕೂಡಿ ಒಂದ ಕಡೆ ನೀರ ಕುಡದದ್ದು ಒಂದ ಸಲ. ಎಲ್ಲಿ ಅಂತ ನಾ ಹೇಳಬೇಕೇನ?"

"ಬಾವಿ ಗಂಗವ್ವನ ಮ್ಯಾಲ ಹೇಳಬ್ಯಾಡ," ಅಂದಳು ಅವ್ವ, ಮೆಲ್ಲಗೆ.

"ನನಗಾದದ್ದು ಉಷ್ಣ," ಅಂದಳು ಅತ್ತೆ, ಕಾಲನ್ನು ಪರಾತದಿಂದ ತೆಗೆಯದೆ.

ಆಗ ಅಪ್ಪ ಮಾತಾಡಿದರು. ಅವರು ಇಡೀ ದಿನದಲ್ಲಿ ಆಡಿದ್ದು ಅದೊಂದೇ ಮಾತು. "ಗಂಗವ್ವನ ಮ್ಯಾಲ ಯಾರೂ ಹೇಳಾಕತ್ತಿಲ್ಲ. ನಾರು ನಮ್ಮ ಬಾವೀದು ಅಂತ ಆತು. ನಮ್ಮ ಬಾವೀದು ಅಂದಮ್ಯಾಲ ನಮ್ಮದು. ನಮ್ಮದನ್ನ ಬಾಗೇವಾಡಿಗೆ ಹ್ಯಾಂಗ ಕಳಸೂದು? ಮಂದಿ ಏನಂದಾರು?"

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಅತ್ತೆಗೆ ಎಲ್ಲರಿಗಿಂತ ಹೆಚ್ಚು. "ನಾ ಮೊದಲಿಂದ ಹೇಳತೇನಿ, ನಮ್ಮ ತವರಮನಿ ನೀರಿಗೆ ತಾಕತ್ತ ಐತಿ. ಹೊರಗಿನವರಿಗೆ ಜಲ್ದಿ ಹತ್ತೂದಿಲ್ಲ," ಅಂದಳು. ಬಾವಿಯ ಪಾವಟಿಗೆ ಮುಚ್ಚಿಸೋಣ, ಕಾಲಿಟ್ಟು ಕೂಡುವುದನ್ನು ಬಿಡೋಣ ಎಂದು ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾವಿ ನಿರ್ದೋಷಿ, ಮೇಲಾಗಿ ಮನೆತನಕ್ಕೆ ಹೆಸರು ತಂದದ್ದು ಎಂದು ತೀರ್ಮಾನವಾಗಿ ಎಲ್ಲರೂ ಎದ್ದಿದ್ದರು. ನಾನು ಗೆದ್ದ ವಾದದಲ್ಲಿ ನನ್ನ ಪಾಲಿಗೆ ಅರ್ಧವೇ ಸಿಕ್ಕಿತು.

ಅವ್ವ ಬೀಗರಿಗೆ ಬೆಲ್ಲ ಕೊಟ್ಟು ತಂಬಿಗೆ ತುಂಬಿದಳು. ನಾನು ಅದನ್ನು ಕಸಿದುಕೊಂಡು ಒಳಗೆ ಹೋಗಿ ಅಪ್ಪನ ಒಗೆದ ಧೋತರವನ್ನು ಎರಡು ಮಡಿಕೆ ಮಾಡಿ ಸೋಸಿ ತಂದೆ.

"ಬೀಗರಿಗೆ ಸೋಸಿದ ನೀರ ಕೊಟ್ರ ನಮ್ಮ ಮನಿ ನೀರ ಹೊಲಸ ಅಂದಂಗ ಆತು," ಅಂತ ಅವ್ವ ಸಿಟ್ಟಾದಳು.

ವೈನಿಯ ಅಪ್ಪ ತಂಬಿಗೆಯನ್ನು ನೋಡಿದರು, ಮಗಳ ಕಾಲನ್ನು ನೋಡಿದರು. "ಸೋಸಿದ್ರ ರುಚಿ ಹೆಚ್ಚಾಕ್ಕೈತ್ರೆವ್ವಾ," ಅಂದು ಒಂದೇ ಉಸಿರಿಗೆ ಕುಡಿದರು.

ಅಣ್ಣ ಅಂದು ಸಂಜೆ ಹೊಲದಿಂದ ಬಂದವನು, ತೀರ್ಪನ್ನು ಕೇಳಿ, ತನ್ನದೂ ಮೊದಲಿನಿಂದ ಅದೇ ವಿಚಾರವಾಗಿತ್ತು ಅಂದ. ಮರುದಿನ ಅವ್ವನ ಕೈಯಿಂದ ಕೊಡ ಇಸಿದುಕೊಂಡು ತಾನೇ ನೀರಿಗೆ ಹೋದ. ಓಣಿಯವರು ನಕ್ಕರು. ಎರಡು ದಿನ ನಕ್ಕು ಬಿಟ್ಟರು.

ವೈನಿಯ ನಾರು ದಿನಕ್ಕೆ ಒಂದೆರಡು ಬೆರಳಿನಷ್ಟು ಕಟ್ಟಿಗೆಗೆ ಸುತ್ತಿಕೊಳ್ಳುತ್ತ, ಮುಂಗಾರಿನ ಮಿರಗದ ಮಳೆಗೆ ಮೊದಲೇ ಪೂರ್ತಿ ಹೊರಗೆ ಬಂತು. ಉಪದ್ರವ ಇಲ್ಲ. ಅತ್ತೆಗೆ ತಾಳ್ಮೆ ಇರಲಿಲ್ಲ. ಬಿತ್ತನೆಗೆ ಸಿಂದಗಿಗೆ ಹೋಗಬೇಕೆಂದು ನಾರನ್ನು ಒಮ್ಮೆಲೇ ಎಳೆದಳು, ಅರ್ಧಕ್ಕೆ ಹರಿಯಿತು, ಹಿಮ್ಮಡಿ ಬಾತು ಕೀವಾಯಿತು. ಡಾಕ್ಟರರು ಕೊಯ್ದು ಪಟ್ಟಿ ಕಟ್ಟಿದರು. ಆಷಾಢ ಮುಗಿಯುವವರೆಗೂ ಅತ್ತೆ ನಮ್ಮಲ್ಲೇ ಉಳಿದಳು. ಅವಳ ಪಟ್ಟಿ ಬಿಚ್ಚಿ ಕಟ್ಟುವವಳು ವೈನಿ. ಬೇರೆಯವರ ಕೈ ಭಾರ ಎಂದು ಅತ್ತೆ ಮತ್ತಾರನ್ನೂ ಮುಟ್ಟಗೊಡಲಿಲ್ಲ.

ನೀರು ಸೋಸುವ ಕೆಲಸ ನಿಂತು ನಿಂತು ನಡೆಯಿತು. ಸೋಸಲು ಶುರು ಮಾಡಿದ ವಾರದಲ್ಲೇ ಅಪ್ಪನ ಕಾಲಿಗೆ ಮತ್ತೆ ಗುಳ್ಳೆ ಎದ್ದಿತು. "ನಿನ್ನ ಧೋತರದಿಂದ ಏನಾತು?" ಅಂದಳು ಅವ್ವ. ಇದು ಮರುಕಳಿಕೆಯಲ್ಲ, ಹೋದ ವರ್ಷ ಕುಡಿದ ನೀರಿನ ಹೊಸ ನಾರು, ಸೋಸಿದ್ದರ ಫಲ ಬರುವ ಬೇಸಿಗೆಗೆ ತಿಳಿಯುತ್ತದೆ ಅಂದೆ. ಬರುವ ಬೇಸಿಗೆಯವರೆಗೆ ಕಾಯುವ ಅಭ್ಯಾಸ ನಮ್ಮ ಮನೆಯಲ್ಲಿ ಸೊಸೆಯರಿಗೆ ಮಾತ್ರ ಇತ್ತು. ಅವ್ವ ಬಿಟ್ಟಳು, ವೈನಿ ಬಿಡಲಿಲ್ಲ. ಯಾರು ಏನೇ ಅಂದರೂ ಹರವಿಯ ಬಾಯಿಗೆ ಬಟ್ಟೆ ಕಟ್ಟಿಯೇ ನೀರು ಹೊಯ್ಯುತ್ತಿದ್ದಳು.

ಒಂದು ದಿನ ಹಾಗೆ ನೀರು ಹೊಯ್ಯುತ್ತ ಕೇಳಿದಳು. "ಅದಕ್ಕ ಏನ ಅಂತಾರ ತಂಗೆವ್ವಾ, ಒಳಗ ಬಂದ ಮ್ಯಾಲ, ಗೊತ್ತಾಗೂದಕ್ಕಿಂತ ಮೊದಲಿನ ಕಾಲಕ್ಕ?"

"ಗುಪ್ತಾವಧಿ."

"ಅಂದ್ರ ಗಂಗಿ ಪೂಜಿ ಮಾಡಿ ಕೊಡ ಹೊತ್ತ ಬರುವಾಗನ ನನ್ನ ಮೈಯಾಗ ಇತ್ತು?"

"ಇತ್ತು."

ವೈನಿ ಕೊಡವನ್ನು ಕೆಳಗಿಟ್ಟು, ಬಟ್ಟೆಯ ಮೇಲೆ ಉಳಿದದ್ದನ್ನು ನೋಡಿದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಅಂಗಳಕ್ಕೆ ಝಾಡಿಸಿ, ನಕ್ಕು ಅಂದಳು:

"ನೀವೆಲ್ಲಾ ವರ್ಷ ತಗೊಂಡ್ರಿ ನೋಡ್ರಿ. ಈ ಮನ್ಯಾಗ ನನ್ನ ಮೊದಲನೇ ದಿನ ಒಪ್ಪಿಕೊಂಡದ್ದು ಅದೊಂದ."